ಇಪ್ಪತ್ತನಾಲ್ಕನೇ ತಾರೀಖಿನ ಗಿರಾಕಿ

ಕುಣಿಗಲ್
9 ಡಿಸೆಂಬರ್ 1996

ಅಣ್ಣಾ,

ಈ ಕಾಗದವನ್ನು ನಿನ್ನ ಅಂಗಡಿಗೆ ಹಾಕದೆ ಪಕ್ಕದ ಟೈಲರ್ ರಂಗಣ್ಣನವರ ಹೆಸರಿಗೆ ಹಾಕಿದ್ದೇನೆ. ಅಂಗಡಿಯ ಗಲ್ಲಾದ ಮುಂದೆ ಕೂರುವವರು ಅಪ್ಪ. ಕವರಿನ ಮೇಲಿನ ನನ್ನ ಅಕ್ಷರ ಅವರಿಗೆ ಮಾರು ದೂರದಿಂದಲೇ ಗೊತ್ತಾಗುತ್ತದೆ. ತಿದ್ದಿಸಿದವರು ಅವರೇ ಅಲ್ಲವೆ.

ನಾನು ಮನೆ ಬಿಟ್ಟು ಮೂರು ವರ್ಷವಾಯಿತು. ಮೋಹನ್‌ಕುಮಾರ್‌ಗೆ ಇಲ್ಲಿನ ಹೈಸ್ಕೂಲಿನಲ್ಲೇ ಖಾಯಂ ಆಗಿದೆ. ನನಗೂ ಒಂದು ನರ್ಸರಿ ಶಾಲೆಯಲ್ಲಿ ಕೆಲಸ ಸಿಕ್ಕಿದೆ. ನಿನಗೊಬ್ಬಳು ಸೋದರಸೊಸೆ ಇದ್ದಾಳೆ, ಗೊತ್ತೆ? ನಂದಿತಾ. ಬರುವ ಜನವರಿಗೆ ಎರಡು ತುಂಬುತ್ತದೆ. ಹಣೆ ಥೇಟ್ ನಮ್ಮಪ್ಪನದು.

ಹೋದ ತಿಂಗಳು ಗುಬ್ಬಿಯ ನಮ್ಮತ್ತೆಯವರ ಮನೆಗೆ ಹೋಗುವಾಗ ಬಸ್ಸು ತುಮಕೂರಿನಲ್ಲಿ ಬಹಳ ಹೊತ್ತು ನಿಂತಿತ್ತು. ಕಿಟಕಿಯಿಂದ ನಿಮ್ಮ ಗಿಫ್ಟ್ ಸೆಂಟರ್ ಕಂಡಿತು. ನೀನು ಸ್ಟೂಲಿನ ಮೇಲೆ ಹತ್ತಿ ಕಾಗದದ ನಕ್ಷತ್ರ ತೂಗುಹಾಕುತ್ತಿದ್ದೆ. ನನ್ನನ್ನು ಮನೆಯಿಂದ ಹೊರಗೆ ಹಾಕಿದ್ದು ಚರ್ಚಿಗೆ ಹೋಗುವವನನ್ನು ಮದುವೆಯಾದೆ ಅಂತ. ಈಗ ನೀವು ಮಾರುವುದು ಕ್ರಿಸ್‌ಮಸ್ ನಕ್ಷತ್ರ. ನಗು ಬಂತು. ಆಮೇಲೆ ಗುಬ್ಬಿ ಬರುವವರೆಗೂ ಸೆರಗಿನಲ್ಲಿ ಮುಖ ಒರೆಸಿಕೊಂಡೆ.

ನಾನೂ ಒಬ್ಬ ಗಿರಾಕಿಯ ಹಾಗೆ ಬಂದರೆ ಸಾಮಾನು ಕೊಡುತ್ತೀಯಾ?

ಶಶಿರೇಖಾ

•

ತುಮಕೂರು
14 ಡಿಸೆಂಬರ್ 1996

ಶಶಿ,

ರಂಗಣ್ಣ ನಿನ್ನ ಕಾಗದವನ್ನು ಬ್ಲೌಸ್ ಪೀಸಿನೊಳಗೆ ಮಡಿಸಿ ತಂದುಕೊಟ್ಟ. ಗೋಡೌನಿಗೆ ಹೋಗಿ ಎರಡು ಸಲ ಓದಿಕೊಂಡೆ.

ಅಪ್ಪನ ವಿಷಯ ನಿನಗೆ ಹೇಳಬೇಕಾಗಿಲ್ಲ. ಕೆಇಬಿಯಲ್ಲಿ ಮೂವತ್ತು ವರ್ಷ ಕಂಬ ಹತ್ತಿದ ಮನುಷ್ಯ, ಬಿಗಿ ಜಾಸ್ತಿ. ಕಡಬದ ನಮ್ಮ ತೋಟದಲ್ಲಿ ಯಾರೋ ನಿನ್ನ ಸುದ್ದಿ ತೆಗೆದರೆಂದು ಆ ತೋಟದ ಕಡೆ ಹೋಗುವುದನ್ನೇ ಬಿಟ್ಟರು. 'ಈ ಸಿದ್ದಗಂಗಯ್ಯಂಗೆ ಒಬ್ನೇ ಮಗ, ಇನ್ಯಾರೂ ಇಲ್ಲ' ಎಂದು ಅವರೇ ಹೇಳುವುದನ್ನು ಕೇಳಿದ್ದೇನೆ. ತಾಯಿಯಿಲ್ಲದ ನಿನಗೆ ದಿನಾ ಜಡೆ ಹಾಕಿದ ಕೈ ಅದು. ಅದಕ್ಕೇ ಸಿಟ್ಟು ಇಷ್ಟು ಆಳಕ್ಕೆ ಇಳಿದಿದೆಯೇನೋ.

ಒಂದು ದಾರಿ ಇದೆ. ಇಪ್ಪತ್ತನಾಲ್ಕನೇ ತಾರೀಖು ಬಾ. ನಿಮ್ಮ ಚರ್ಚಿನವರು ಹದಿನೈದು ದಿನ ಸುಮ್ಮನಿದ್ದು ಹಬ್ಬದ ಹಿಂದಿನ ಸಂಜೆ ಒಟ್ಟಿಗೇ ನುಗ್ಗುತ್ತಾರೆ. ಆ ಗದ್ದಲ ಅಪ್ಪನಿಗೆ ಆಗುವುದಿಲ್ಲ, ನಾಲ್ಕು ಗಂಟೆಗೆಲ್ಲ ಸದಾಶಿವನಗರದ ಮನೆಗೆ ಹೊರಟುಬಿಡುತ್ತಾರೆ. ಐದರ ಮೇಲೆ ಅಂಗಡಿಯಲ್ಲಿ ಯಾರ ಮುಖವನ್ನು ಯಾರೂ ನೋಡುವುದಿಲ್ಲ. ಆದರೂ ನಮ್ಮೂರಿನವರು ಯಾರಾದರೂ ಇರಬಹುದು. ಅಣ್ಣಾ ಅನ್ನಬೇಡ. ಚೌಕಾಸಿ ಮಾಡು.

ಮಗುವನ್ನು ಕರೆದುಕೊಂಡು ಬಾ.

ಕನಕರಾಜು

•

ಕುಣಿಗಲ್
27 ಡಿಸೆಂಬರ್ 1996

ಅಣ್ಣಾ,

ಅಂಗಡಿಯಲ್ಲಿ ಕರೆಯಲಾಗದೆ ಉಳಿದದ್ದನ್ನೆಲ್ಲ ಇಲ್ಲಿ ಬರೆದುಬಿಡಲೇ? ಅಣ್ಣಾ, ಅಣ್ಣಾ, ಅಣ್ಣಾ.

ಎಷ್ಟೊಂದು ಜನ. ಕೇಕಿನ ಡಬ್ಬ ಹಿಡಿದವರು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡವರು, 'ಬೇಗ ಕೊಡಿ, ಬಸ್ಸು ಹೋಗ್ತೈತೆ' ಎನ್ನುವವರು. ಕೊನೆಗೂ ನನ್ನ ಸರದಿ ಬಂತು. ನೀನು ತಲೆ ಎತ್ತದೆಯೇ "ಏನ್ ಬೇಕ್ರೀ?" ಅಂದೆ. ತಲೆ ಎತ್ತಿದ ಮೇಲೆ ಕೈಯಲ್ಲಿದ್ದ ಗೊಂಬೆ ಕೆಳಗೆ ಹಾಕಿದೆ.

"ಇದು ಬಹಳ ಜಾಸ್ತಿ ಆಯ್ತು" ಅಂದೆ ನಾನು, ನೀನು ಇನ್ನೂ ಬೆಲೆ ಹೇಳುವ ಮೊದಲೇ.

"ನಿಮಗೆ ಅಂತ ಕಮ್ಮಿ ಮಾಡೋಣ ಬುಡಿ. ಹೆಂಗಿದ್ಯವ್ವಾ?" ಕೊನೆಯ ಮಾತು ಪ್ಲಾಸ್ಟಿಕ್ ಚೀಲದ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.

"ಇದೀನಿ. ನೀನ್ಯಾಕೆ ಇಷ್ಟು ಸೊರಗಿದೀಯ?"

"ಸೀಸನ್ನು."

ಅಷ್ಟೇ. ಹಿಂದಿನ ಹೆಂಗಸು ನನ್ನನ್ನು ತಳ್ಳಿದಳು. ನೀನು ಮಗುವಿನ ಕೆನ್ನೆ ಮುಟ್ಟಿದ್ದು ನನಗೆ ಬಸ್ಸಿನಲ್ಲಿ ಕೂತ ಮೇಲೆ ನೆನಪಾಯಿತು. ಕ್ರಿಸ್‌ಮಸ್ ದಿನ ಮೋಹನ್ ನನ್ನ ಮುಖ ನೋಡಿ, "ಹೋಗಿದ್ದು ಒಳ್ಳೇದಾಯ್ತಾ, ಕೆಟ್ಟದಾಯ್ತಾ?" ಎಂದು ಕೇಳಿದರು. ಗೊತ್ತಿಲ್ಲ ಅಂದೆ.

ನನ್ನಿಂದ ನಿನಗೇನಾದರೂ ತೊಂದರೆಯಾಗಿದೆಯಾ? ಇನ್ನೂ ಯಾಕೆ ಮದುವೆ ಮಾಡಿಕೊಂಡಿಲ್ಲ?

ಶಶಿ

•

ತುಮಕೂರು
10 ಜನವರಿ 1997

ಶಶಿ,

ತೊಂದರೆ ಏನೂ ಇಲ್ಲ. ಅಂಗಡಿಯ ಕೆಲಸದಲ್ಲಿ ಪುರುಸೊತ್ತಾಗಿಲ್ಲ, ಅಷ್ಟೆ. ಮುಂದಿನ ಡಿಸೆಂಬರಿಗೂ ಅದೇ ದಿನ, ಅದೇ ಹೊತ್ತು.

ಕನಕರಾಜು

•

ಕುಣಿಗಲ್
29 ಡಿಸೆಂಬರ್ 1999

ಅಣ್ಣಾ,

ಈ ಸಲ ನಾನು ಒಂದೂ ಮಾತಾಡದೆ ಹೊರಟುಹೋದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಏನಾಯಿತೆಂದು ನೀನು ನೋಡಲಿಲ್ಲ. ಹೊಸ ಸಾವಿರ ವರ್ಷದ ಗ್ರೀಟಿಂಗ್ ಕಾರ್ಡುಗಳಿಗೆ ಕಾಲೇಜಿನವರು ಮುತ್ತಿಕೊಂಡಿದ್ದರು, ನೀನು ಅವರ ನಡುವೆ ಮುಳುಗಿಹೋಗಿದ್ದೆ.

ನಾನು ಮೆಟ್ಟಿಲ ಹತ್ತಿರ ನಿಂತಿದ್ದೆ. ಆಗ ಅಪ್ಪ ಬಂದರು. ಕನ್ನಡಕ ಮರೆತಿದ್ದರೇನೋ, ಗಲ್ಲಾದ ಮೇಲಿಂದ ತೆಗೆದುಕೊಂಡು ತಿರುಗಿದರು. ಕ್ಯಾಲೆಂಡರುಗಳ ರಾಶಿಯ ಹಿಂದೆ ಸರಿದು ಸೆರಗು ಎಳೆದುಕೊಂಡೆ. ನಂದಿತಾ ನನ್ನ ಕೈ ಬಿಡಿಸಿಕೊಂಡು ದಾರಿಗೆ ಅಡ್ಡ ನಿಂತಿದ್ದಳು.

"ವಸಿ ದಾರಿ ಬುಡವ್ವ" ಅಂದರು. ಅವಳು ಸರಿಯಲಿಲ್ಲ. ಅವಳ ತಲೆ ಮೇಲೆ ಕೈಯಿಟ್ಟು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. "ಯಾರ್ ಮಗಳವ್ವ ನೀನು? ಜನದಾಗೆ ತಪ್ಪಿಸ್ಕಂಡೀಯ, ನಿಮ್ಮವ್ವನ ಕೈ ಹಿಡ್ಕ" ಅಂದರು. ನನ್ನಿಂದ ಒಂದು ಮೊಳ ದೂರ. ಕುತ್ತಿಗೆಯ ಹಿಂದೆ ಚರ್ಮ ಜೋತುಬಿದ್ದಿದೆ. ಕಾಲರು ಸವೆದ ಅಂಗಿ ಹಾಕಿದ್ದರು. ಅವರಿಗೆ ಒಳ್ಳೆಯ ಅಂಗಿ ಇಲ್ಲವಾ?

ಅಪ್ಪ ಅಂತ ಬಾಯಿಗೆ ಬಂದಿತ್ತು, ಹೊರಗೆ ಬರಲಿಲ್ಲ.

ಮನೆಗೆ ಬಂದು ಅವರು ಏನಾದರೂ ಹೇಳಿದರಾ? ನನ್ನನ್ನು ನೋಡಿಬಿಟ್ಟರೇನೋ ಎಂದು ಐದು ದಿನದಿಂದ ಯೋಚಿಸುತ್ತಿದ್ದೇನೆ. ನೋಡಿರಲಿ ಎಂದೂ ಅನ್ನಿಸುತ್ತದೆ.

ಶಶಿ

•

ತುಮಕೂರು
6 ಜನವರಿ 2000

ಶಶಿ,

ಅಪ್ಪ ಏನೂ ಹೇಳಲಿಲ್ಲ. ಅಂಗಿಗಳು ಇವೆ, ಹಳೆಯದನ್ನೇ ಹಾಕಿಕೊಳ್ಳುತ್ತಾರೆ.

ನಾನೊಂದು ಸಲ ನಿನ್ನ ಮಾತು ತೆಗೆಯಬೇಕು ಎಂದುಕೊಂಡು ಊಟಕ್ಕೆ ಕೂತಿದ್ದೆ. ಅವರು ನನ್ನ ಮುಖ ನೋಡಿ, "ಮಜ್ಜಿಗೆ ಹಾಕ್ಕಳೋ" ಅಂದರು. ಹಾಕಿಕೊಂಡು ಉಂಡು ಎದ್ದೆ. ನನ್ನಲ್ಲಿ ನಿನ್ನಷ್ಟು ಧೈರ್ಯವಿಲ್ಲ ಶಶಿ. ವರ್ಷಕ್ಕೊಂದು ಸಂಜೆ ಸಿಗುತ್ತದಲ್ಲ. ಇರಲಿ.

ಕನಕರಾಜು

•

ತುಮಕೂರು
2 ಡಿಸೆಂಬರ್ 2006

ಶಶಿ,

ಕಾಗದ ಬರೆದು ಎಷ್ಟೋ ಕಾಲವಾಯಿತು. ಪ್ರತಿ ಡಿಸೆಂಬರಿಗೂ ಮುಖ ನೋಡುತ್ತೇವೆ, ಬರೆಯುವುದೇನಿದೆ ಎಂದು ನಾನೇ ಸೋಮಾರಿಯಾದೆ. ಈ ಸಲ ಕಾರಣವಿದೆ.

ಇಪ್ಪತ್ತನಾಲ್ಕಕ್ಕೆ ತಪ್ಪಿಸಬೇಡ. ನಂದಿತಾಳನ್ನೂ ಕರೆದುಕೊಂಡು ಬಾ. ಸಂಜೆಯವರೆಗೆ ಕಾಯಬೇಡ, ಹನ್ನೊಂದು ಗಂಟೆಗೇ ಬಾ. ಯಾಕೆಂದು ಬರೆಯುವುದಿಲ್ಲ. ಬಂದಾಗ ನೀನೇ ನೋಡುತ್ತೀಯ.

ಮೊದಲಿನ ಹಾಗೆ ನೂಕುನುಗ್ಗಲೂ ಇಲ್ಲ. ಹೋದ ವರ್ಷವೇ ನೋಡಿದೆಯಲ್ಲ, ಎಂಟು ಗಂಟೆಗೆ ನಾನು ಕೈಕಟ್ಟಿಕೊಂಡು ನಿಂತಿದ್ದೆ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಕ್ಕಳು ಅಲ್ಲಿಂದಲೇ ಕಂಪ್ಯೂಟರಿನಲ್ಲಿ ಆರ್ಡರ್ ಮಾಡಿಬಿಡುತ್ತಾರಂತೆ. ಗಿಫ್ಟು ಪೇಪರು ಸುತ್ತಿಕೊಂಡೇ ಮನೆ ಬಾಗಿಲಿಗೆ ಬರುತ್ತದೆ. ಗ್ರೀಟಿಂಗ್ ಕಾರ್ಡನ್ನಂತೂ ಕೇಳುವವರೇ ಇಲ್ಲ.

ಬಾ. ಕಾಯುತ್ತಿರುತ್ತೇನೆ.

ಕನಕರಾಜು

•

ಕುಣಿಗಲ್
20 ಡಿಸೆಂಬರ್ 2006

ಅಣ್ಣಾ,

ಈ ಸಲ ಬರುವುದಕ್ಕೆ ಆಗುವುದಿಲ್ಲ. ಮನೆಗೆ ಬೇಕಾದ್ದನ್ನೆಲ್ಲ ನಂದಿತಾಳೇ ಸೈಬರ್ ಸೆಂಟರಿನಲ್ಲಿ ಕೂತು ತರಿಸಿಬಿಟ್ಟಿದ್ದಾಳೆ. ಮೋಹನ್ ಹೊಸದಾಗಿ ಬ್ಯಾಂಕಿನ ಕಾರ್ಡು ಮಾಡಿಸಿದ್ದಾರೆ. ಬಹಳ ಸುಲಭ. ಬಸ್ಸಿನಲ್ಲಿ ನೇತಾಡುವುದು ತಪ್ಪಿತು.

ನಿನಗೂ ಒಂದು ಸ್ವೆಟರು ಕಳಿಸಿದ್ದೇವೆ. ಅಪ್ಪನಿಗೊಂದು ಅಂಗಿ, ನೀನೇ ತಂದೆ ಎಂದು ಹೇಳಿ ಕೊಡು. ಎರಡೂ ಒಂದೇ ಪಾರ್ಸೆಲ್ಲಿನಲ್ಲಿ ನೇರ ಅಂಗಡಿಗೇ ಬರುತ್ತವೆ.

ನೀನು ತೋರಿಸಬೇಕೆಂದಿದ್ದನ್ನು ಮುಂದೊಂದು ಸಲ ನೋಡುತ್ತೇನೆ. ಹೊಸ ಷೋಕೇಸೇ?

ಶಶಿ

•

ತುಮಕೂರು
30 ಡಿಸೆಂಬರ್ 2006

ಶಶಿರೇಖಾಗೆ,

ಪಾರ್ಸೆಲ್ ತಲುಪಿದೆ. ಸ್ವೆಟರಿನ ಅಳತೆ ಸರಿಯಾಗಿದೆ.

ರಂಗಣ್ಣ ಊರಿಗೆ ಹೋಗಿದ್ದರಿಂದ ನಿನ್ನ ಕಾಗದ ಇಪ್ಪತ್ತೆಂಟಕ್ಕೆ ಕೈಸೇರಿತು. ನಿನಗೆ ಸುಲಭವಾದದ್ದು ಸಂತೋಷ. ಇನ್ನು ಮುಂದೆ ನಮಗಾಗಿ ತೊಂದರೆ ತೆಗೆದುಕೊಳ್ಳಬೇಡ.

ಕನಕರಾಜು

•

ಕುಣಿಗಲ್
15 ಡಿಸೆಂಬರ್ 2007

ಅಣ್ಣಾ,

ವರ್ಷವಿಡೀ ನಿನ್ನಿಂದ ಒಂದು ಸಾಲೂ ಇಲ್ಲ. ಎರಡು ಸಲ ಅಂಗಡಿಗೆ ಫೋನು ಮಾಡಿದೆ. ಒಂದು ಸಲ ಯಾರೂ ಎತ್ತಲಿಲ್ಲ. ಇನ್ನೊಂದು ಸಲ ಅಪ್ಪ ಎತ್ತಿದರು. "ಯಾರು? ಯಾರ್ ಬೇಕು?" ಎಂದು ಮೂರು ಸಲ ಕೇಳಿದರು. ಇಟ್ಟುಬಿಟ್ಟೆ.

ನಾನು ಬರಲಿಲ್ಲವೆಂದು ಕೋಪವೆ? ಹಾಗಿದ್ದರೆ ಬೈದು ಬರೆ. ಈ ಸಲವೂ ಬರುವುದು ಕಷ್ಟ. ಹಬ್ಬದ ಶುಭಾಶಯ.

ಶಶಿ

•

ತುಮಕೂರು
14 ಡಿಸೆಂಬರ್ 2008

ಶಶಿ,

ಹೋದ ವರ್ಷದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳೋಣವೆಂದು ನಂಬರು ಒತ್ತಿ ಒತ್ತಿ ಬಿಟ್ಟೆ. ನಿನ್ನ ದನಿ ಕೇಳಿದರೆ ಇದನ್ನು ಹೇಳಲಾಗುವುದಿಲ್ಲ.

ಈ ತಿಂಗಳ ಕೊನೆಗೆ ಅಂಗಡಿ ಬಿಡುತ್ತಿದ್ದೇನೆ. ಮೊಬೈಲ್ ಮಾರುವವರೊಬ್ಬರು ಬರುತ್ತಾರೆ. ಅದು ದೊಡ್ಡ ವಿಷಯವಲ್ಲ. ನನಗೆ ಬೇರೆ ಕಡೆ ಕೆಲಸ ಗೊತ್ತಾಗಿದೆ. ಹೇಳಬೇಕಾದ್ದು ಬೇರೆ ಇದೆ.

2006ರ ದೀಪಾವಳಿಯ ಹೊತ್ತಿಗೆ ಅಪ್ಪನಿಗೆ ಮರೆವು ಶುರುವಾಯಿತು. ಮೊದಲು ದಿನ, ವಾರ ಮರೆತರು. ಆಮೇಲೆ ವರ್ಷಗಳನ್ನೇ ಮರೆತರು. ಒಂದು ಸಂಜೆ ಬಾಗಿಲಲ್ಲಿ ನಿಂತು, "ಶಶಿ ಇನ್ನೂ ಕಾಲೇಜಿಂದ ಬಂದಿಲ್ವೇನ್ಲಾ? ಹೊತ್ತಾಯ್ತು" ಅಂದರು. ಹದಿಮೂರು ವರ್ಷದ ಮೇಲೆ ನಿನ್ನ ಹೆಸರು ಆ ಬಾಯಲ್ಲಿ ಬಂತು. ಜಗಳ, ಮದುವೆ ಏನೂ ನೆನಪಿರಲಿಲ್ಲ. ಅಂದಿನಿಂದ ದಿನಾ ಐದು ಗಂಟೆಗೆ ಅದೇ ಪ್ರಶ್ನೆ.

ಅದಕ್ಕೇ ನಿನ್ನನ್ನು ಬಾ ಎಂದು ಬರೆದದ್ದು. ಕಾಗದದಲ್ಲಿ ಹೇಳಿದ್ದರೆ ಆಗುತ್ತಿತ್ತು. ಆದರೆ ನನ್ನ ಕೈಯಾರೆ ಮಾಡಿದ ಒಂದು ಸಂತೋಷವನ್ನು ನಿನ್ನ ಮುಖದಲ್ಲಿ ನೋಡಬೇಕೆಂಬ ಆಸೆ. ಆವತ್ತು ಅವರಿಗೆ ಕ್ಷೌರ ಮಾಡಿಸಿ, ಇಸ್ತ್ರಿಯ ಪಂಚೆ ಉಡಿಸಿ ಅಂಗಡಿಯ ಮುಂದೆಯೇ ಕುರ್ಚಿ ಹಾಕಿ ಕೂರಿಸಿದ್ದೆ. 'ಇವತ್ತು ಶಶಿ ಬರ್ತಾಳೆ' ಎಂದು ಹೇಳಿದ್ದೆ. ಹನ್ನೊಂದಾಯಿತು, ಒಂದಾಯಿತು. ಊಟಕ್ಕೆ ಬನ್ನಿ ಎಂದರೆ, "ಅವ್ಳೂ ಬರ್ಲಿ, ಒಟ್ಗೆ ಉಣ್ಣಾನ" ಅಂದರು. ಮೂರು ಗಂಟೆಗೆ ಕೊರಿಯರಿನವನು ನಿನ್ನ ಪಾರ್ಸೆಲ್ ತಂದ. ಅಪ್ಪನೇ ಈಸಿಕೊಂಡರು.

"ಯಾರು ಕಳ್ಸವ್ರೆ?"

"ಶಶಿ ಕಳ್ಸವ್ಳೆ ಅಪ್ಪ."

"ಅವ್ಳೆಲ್ಲಿ?"

ಅಂಗಡಿ ಮುಚ್ಚುವವರೆಗೂ ಆ ಪೊಟ್ಟಣವನ್ನು ಬಿಚ್ಚದೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

ನನಗೆ ಸಿಟ್ಟು ಬಂತು. ಕೂತಲ್ಲೇ ಎಲ್ಲ ಸಿಗುವಾಗ ನಾವು ಇವಳಿಗೆ ಯಾಕೆ ಬೇಕು ಅಂದುಕೊಂಡೆ. ನಿನಗಾಗಿ ನಾನು ಎಷ್ಟು ಕಳೆದುಕೊಂಡೆ ಎಂದೂ ಲೆಕ್ಕ ಹಾಕಿದೆ. ಹೆಣ್ಣು ನೋಡಲು ಹೋದ ಮನೆಗಳಲ್ಲೆಲ್ಲ 'ತಂಗಿ ಎಲ್ಲಿದಾರೆ?' ಎಂದು ಕೇಳುತ್ತಿದ್ದರು, ನಾನು ಎದ್ದು ಬರುತ್ತಿದ್ದೆ. ನೀನು ಕೇಳಿದಾಗ ಪುರುಸೊತ್ತಿಲ್ಲ ಎಂದು ಬರೆದೆ. ಆ ಸಿಟ್ಟಿನಲ್ಲಿ ಎರಡು ವರ್ಷ ಸುಮ್ಮನಿದ್ದೆ.

ಈಗ ಅಪ್ಪ ನಿನ್ನ ಹೆಸರು ಹೇಳುವುದಿಲ್ಲ. ಯುಗಾದಿಯ ಮೇಲೆ ಅದೂ ಹೋಯಿತು. ನನ್ನನ್ನು ಕೆಇಬಿಯ ಹಳೆಯ ಇಂಜಿನಿಯರೆಂದುಕೊಂಡು 'ಜೆಇ ಸಾಹೇಬ್ರೇ' ಎನ್ನುತ್ತಾರೆ. ನಿನಗೆ ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಇದಕ್ಕೆ ಕ್ಷಮೆ ಕೇಳುವುದು ಹೇಗೆಂದು ಗೊತ್ತಾಗುತ್ತಿಲ್ಲ.

ಕನಕರಾಜು

•

ಕುಣಿಗಲ್
18 ಡಿಸೆಂಬರ್ 2008

ಅಣ್ಣಾ,

ಶಾಲೆಯಿಂದ ಬಂದು ಚಪ್ಪಲಿ ಬಿಡುವ ಮೊದಲೇ ನಿನ್ನ ಕಾಗದ ಓದಿದೆ. ಕತ್ತಲಾದ ಮೇಲೂ ಅಲ್ಲೇ ಕೂತಿದ್ದೆನಂತೆ, ಮೋಹನ್ ಬಂದು ದೀಪ ಹಾಕಿದರು.

ನಾನೂ ನಿನಗೆ ಸುಳ್ಳು ಬರೆದೆ. ಬಸ್ಸು ಕಷ್ಟವಾಗಿರಲಿಲ್ಲ. ಹಿಂದಿನ ವರ್ಷ, 2005ರಲ್ಲಿ, ನೀನು ನಮ್ಮ ಚೀಲಕ್ಕೆ ಕೊಬ್ಬರಿ ಮಿಠಾಯಿ ಹಾಕಿದೆಯಲ್ಲ, ವಾಪಸ್ಸು ಬರುವಾಗ ನಂದಿತಾ, "ಆ ಅಂಗಡಿಯವ್ರು ಯಾಕಮ್ಮಾ ನಿನ್ನ ನೋಡಿ ಕಣ್ಣಲ್ಲಿ ನೀರು ಹಾಕ್ಕೊಂಡ್ರು?" ಎಂದು ಕೇಳಿದಳು. ಎಷ್ಟು ಅಂತ ಮುಚ್ಚಿಡಲಿ, ಎಲ್ಲ ಹೇಳಿದೆ. ಒಂದು ವರ್ಷ ಆ ಮಾತು ಎತ್ತಲಿಲ್ಲ. ನಿನ್ನ ಕಾಗದ ಬಂದಾಗ ಕುದಿದುಬಿಟ್ಟಳು.

"ಮಾವ ಅಂತ ಕರೆಯೋ ಹಾಗಿಲ್ಲದಿರೋ ಅಂಗಡಿಗೆ ನಾನು ಬರಲ್ಲ. ನೀನೂ ಹೋಗ್ಬೇಡ. ಜನದ ಮಧ್ಯೆ ಕದ್ದು ಹೋಗೋಕೆ ನಾವೇನ್ ತಪ್ಪು ಮಾಡಿದೀವಿ?"

ಹನ್ನೆರಡು ತುಂಬದ ಮಗು ಕೇಳಿದ ಪ್ರಶ್ನೆ ಇದು. ನಿನಗೆ ಬರೆದರೆ ನೋಯುತ್ತೀಯ ಎಂದು ನೆಪವನ್ನು ಕಂಪ್ಯೂಟರಿನ ಮೇಲೆ ಹಾಕಿದೆ. ಹನ್ನೊಂದು ಗಂಟೆಗೇ ಬಾ ಎಂದಿದ್ದೆ ನೀನು. ಆ ಹೊತ್ತಿನಲ್ಲಿ ಅಪ್ಪ ಅಂಗಡಿಯಲ್ಲೇ ಇರುತ್ತಾರಲ್ಲ ಎಂದು ನನಗೆ ಹೊಳೆಯಬೇಕಿತ್ತು. ಷೋಕೇಸೇ ಎಂದು ಕೇಳಿದೆ ನಾನು.

ನಿನ್ನ ಸಂಬಂಧಗಳು ತಪ್ಪಿದ್ದು ನನ್ನಿಂದ ಎಂದು ನನಗೆ ಒಳಗೆ ಗೊತ್ತಿತ್ತು. ನೀನು ಇಲ್ಲ ಎಂದಾಗ ನಂಬುವುದು ಅನುಕೂಲವಾಗಿತ್ತು, ನಂಬಿದೆ. ಹಾಗಿರುವಾಗ ನೀನು ಯಾವ ಕ್ಷಮೆ ಕೇಳುತ್ತೀಯ?

ಇಪ್ಪತ್ತನಾಲ್ಕರವರೆಗೆ ಕಾಯುವುದಿಲ್ಲ. ಭಾನುವಾರ ಬರುತ್ತೇವೆ. ಅಂಗಡಿಗಲ್ಲ, ಮನೆಗೆ. ನಂದಿತಾಳಿಗೂ ಓದಿ ಹೇಳಿದೆ. ತಾನೂ ಬರುತ್ತೇನೆ ಅಂದಳು.

ಶಶಿ

•

ಕುಣಿಗಲ್
27 ಡಿಸೆಂಬರ್ 2008

ಅಣ್ಣಾ,

ಈ ವಾರವೆಲ್ಲ ಮುಖಾಮುಖಿ ಇದ್ದೂ ನಿನಗೆ ಒಂದು ಮಾತು ಹೇಳಲಾಗಲಿಲ್ಲ. ನಮಗೆ ಬರೆದೇ ಅಭ್ಯಾಸವಾಗಿದೆ.

ಭಾನುವಾರ ನೀನು ಬಾಗಿಲು ತೆರೆದು, ನಂದಿತಾ "ಮಾವಾ" ಎಂದ ಕೂಡಲೇ ಹಾಲು ತರುತ್ತೇನೆಂದು ಆಚೆ ಹೋದೆಯಲ್ಲ, ಆಗ ನಡೆದದ್ದು ಇದು.

ಅಪ್ಪ ಕಿಟಕಿಯ ಹತ್ತಿರ ಕೂತಿದ್ದರು. ಎಷ್ಟು ಚಿಕ್ಕವರಾಗಿದ್ದಾರೆ. ಕಂಬದ ತುದಿಯಲ್ಲಿ ನಿಂತು ಕೆಳಗಿದ್ದ ನನಗೆ ಕೈ ಬೀಸುತ್ತಿದ್ದವರು ಇವರೇನಾ ಅನ್ನಿಸಿತು. ಕಾಲಿಗೆ ಬಿದ್ದೆ. ಕಾಲು ಹಿಂದಕ್ಕೆ ಎಳೆದುಕೊಂಡರು.

"ಯಾರವ್ವಾ ನೀನು?"

"ನಾನು ಶಶಿ, ಅಪ್ಪ."

"ಯಾವ ಶಶಿ?"

ಅವರು ಬೈಯಲಿ ಎಂದು ಹದಿನೈದು ವರ್ಷ ಕಾದಿದ್ದೆ ಅಣ್ಣಾ. 'ಆಚೆ ಹೋಗು' ಅಂದಿದ್ದರೂ ತಡೆದುಕೊಳ್ಳುತ್ತಿದ್ದೆ. ಯಾವ ಶಶಿ ಎಂಬುದಕ್ಕೆ ಏನು ಹೇಳಲಿ? ಗೋಡೆಯ ಕಡೆ ತಿರುಗಿ ನಿಂತೆ. ಅವರಿಗೆ ಪಾಪ ಅನ್ನಿಸಿರಬೇಕು.

"ಅಂಗಡಿಗೆ ಬಂದ್ರಾ? ಇವತ್ತು ಮುಚ್ಚೈತೆ ಕಣವ್ವ. ನಾಳೆ ಬಾ" ಅಂದರು.

ನಾನು ಇನ್ನು ಹೊರಡೋಣ ಅಂದುಕೊಂಡೆ. ನಂದಿತಾ ಅವರ ಮುಂದೆ ಮಂಡಿಯೂರಿ ಕೂತು, "ನಾಳೆ ಬಂದ್ರೆ ಕೂರಿಸ್ಕೊಳ್ತೀರಾ ತಾತ?" ಎಂದು ಕೇಳಿದಳು.

"ಕೂರಿಸ್ಕಳ್ದೆ ಇನ್ನೇನು. ಬನ್ನಿ."

ಹಾಗಾಗಿ ಸೋಮವಾರ ಬಂದೆವು. ಯಾಕೆ ಮತ್ತೆ ಬಂದಿರಿ ಎಂದು ನೀನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮಂಗಳವಾರ, ಬುಧವಾರ ಬಂದೆವು. ಪ್ರತಿ ದಿನ "ಯಾರವ್ವಾ" ಅಂದರು, ಪ್ರತಿ ದಿನ ಹೊರಡುವಾಗ "ನಾಳೆ ಬಾ" ಅಂದರು. ಶಾಲೆಗೆ ರಜೆಯಿತ್ತು. ಬುಧವಾರ ಇಪ್ಪತ್ತನಾಲ್ಕು ಎಂಬುದು ಅವರಿಗೆ ಮುದ್ದೆ ಮುರಿದು ಕೊಡುವಾಗಲೂ ನೆನಪಾಗಲಿಲ್ಲ ನನಗೆ. ಮನೆಗೆ ಒಂದು ಸಾಮಾನನ್ನೂ ಕೊಂಡಿರಲಿಲ್ಲ. ಹಬ್ಬಕ್ಕೆ ಮೋಹನ್ ಕುಣಿಗಲ್ಲಿನಲ್ಲೇ ಒಂದು ಕೇಕು ತಂದರು.

ಗುರುವಾರ ಕ್ರಿಸ್‌ಮಸ್. ಗುಬ್ಬಿಯಿಂದ ಅತ್ತೆಯವರೂ ಬಂದಿದ್ದರು, ಹೊರಡಲಾಗಲಿಲ್ಲ. ಒಂದು ದಿನ ತಪ್ಪಿದರೆ ಅವರಿಗೇನು ಗೊತ್ತಾಗುತ್ತದೆ ಎಂದು ಸಮಾಧಾನ ಮಾಡಿಕೊಂಡೆ.

ನಿನ್ನೆ ನೀನು ಅಂಗಡಿ ಖಾಲಿ ಮಾಡಿಸಲು ಹೋಗಿದ್ದಾಗ ನಾನೊಬ್ಬಳೇ ಒಳಗೆ ಹೋದೆ. ಅಪ್ಪ ಕಿಟಕಿಯ ಹತ್ತಿರ ಇರಲಿಲ್ಲ. ಕುರ್ಚಿಯನ್ನು ತಾವೇ ಎಳೆದುಕೊಂಡು ಬಂದು ಬಾಗಿಲಿಗೆ ಎದುರಾಗಿ ಕೂತಿದ್ದರು. 'ಯಾರವ್ವಾ' ಎನ್ನುತ್ತಾರೆಂದು ಕಾಯುತ್ತಿದ್ದೆ.

"ನೆನ್ನೆ ಯಾಕವ್ವ ಬರ್ಲಿಲ್ಲ?" ಅಂದರು.

ನಾನು ಯಾರೆಂದು ಅವರಿಗೆ ಗೊತ್ತಿಲ್ಲ ಅಣ್ಣಾ. ನಾನು ಬಂದಿರಲಿಲ್ಲ ಎಂಬುದು ಗೊತ್ತಿತ್ತು.

ಶಶಿ